ತವರಿನ ಕೋಳಿ

ಕಾವಿಗೆ ಕೂತ ಕೋಳಿಯ ಮೇಲೆ ಬೋರಲು ಹಾಕಿದ ಮಂಕರಿ ಬುಟ್ಟಿಯನ್ನು ಎತ್ತಿ ನೋಡುವ ಹೆಂಗಸು ಎಂದು ಶ್ರೀನಿವಾಸಪುರದ ಸುತ್ತಿನ ಹಳ್ಳಿಗಳಲ್ಲಿ ನನಗೊಂದು ಕೆಟ್ಟ ಹೆಸರಿದೆ. ಕೋಳಿಗಳಿಗೆ ಲಸಿಕೆ ಹಾಕುವುದು ನನ್ನ ಕೆಲಸ. ಐಸ್ ಪೆಟ್ಟಿಗೆಯನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು, ಕೋಳಿಗಳು ಗೂಡು ಬಿಡುವ ಮೊದಲೇ ಬೀದಿ ಸೇರುತ್ತೇನೆ. ಒಂದು ಮನೆ ಮುಗಿಸಿ, ಇನ್ನೇನಾದರೂ ಉಳಿದಿದೆಯೇ ಎಂದು ಕೇಳಿದರೆ, ಎಲ್ಲ ಆಯಿತು ಮೇಡಂ, ಆ ಮಂಕರಿಯದೊಂದು ಬಿಡಿ, ಕಾವಿಗೆ ಕೂತಿದೆ ಎನ್ನುತ್ತಾರೆ. ಕಾವಿಗೆ ಕೂತದ್ದನ್ನು ಹೊರಗಿನವರು ಮುಟ್ಟಿದರೆ ಮೊಟ್ಟೆ ಕೆಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನಾನು ಕೇಳುವುದಿಲ್ಲ, ಎತ್ತುತ್ತೇನೆ. ಬಹಳ ಸಲ ಅಡಿಯಲ್ಲಿ ನಿಜವಾಗಿಯೂ ಬೆಚ್ಚಗಿನ ಮೊಟ್ಟೆಗಳಿರುತ್ತವೆ. ಹೇಂಟೆ ನನ್ನ ಕೈ ಕುಕ್ಕುತ್ತದೆ, ಮನೆಯಾಕೆ ಬಾಯಿ ಮಾಡುತ್ತಾಳೆ, ಅವಳ ಅತ್ತೆ ಒಳಗಿನಿಂದ ಶಾಪ ಹಾಕುತ್ತಾಳೆ. ಎಲ್ಲೋ ಒಂದು ಸಲ ಹಾಗಿರುವುದಿಲ್ಲ. ಆ ಒಂದು ಸಲಕ್ಕಾಗಿ ಉಳಿದಷ್ಟೂ ಸಲ ಬೈಸಿಕೊಳ್ಳುತ್ತೇನೆ. ಈ ಹಟ ನನಗೆ ತರಬೇತಿಯಿಂದ ಬಂದದ್ದಲ್ಲ. ಯಲ್ದೂರಿನ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ, ನಡುಮನೆಯ ಮೂಲೆಯಲ್ಲಿ ಬೋರಲು ಹಾಕಿದ್ದ ಒಂದು ಮಂಕರಿಯಿಂದ ಬಂದದ್ದು.

ಆ ಮನೆ ಮಾವಿನ ತೋಪಿನ ಅಂಚಿಗೆ ಅಂಟಿಕೊಂಡಿತ್ತು. ಬಾಗಿಲಿನ ಎರಡೂ ಬದಿಗೆ ಕಲ್ಲಿನ ಕಟ್ಟೆ, ನಮ್ಮ ಮಾತಿನಲ್ಲಿ ತಿಣ್ಣೆ. ಎಡಗಡೆಯ ತಿಣ್ಣೆಯ ಹೊಟ್ಟೆಯನ್ನು ಟೊಳ್ಳು ಬಿಟ್ಟು ಕೋಳಿಗೂಡು ಮಾಡಿದ್ದರು. ಅದಕ್ಕೆ ಚಪ್ಪಡಿ ಕಲ್ಲೇ ಬಾಗಿಲು. ಗೂಡಿನೊಳಗೆ ಕೋಳಿಗಳು, ತಿಣ್ಣೆಯ ಮೇಲೆ ಚಾಪೆ ಹಾಕಿಕೊಂಡು ಅಪ್ಪನ ತಾಯಿ, ನನ್ನ ಅಜ್ಜಿ. ಅಜ್ಜಿಯೇ ಕಾವಿಗೆ ಕೂತಿದ್ದಾಳೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಒಳಗೆ ನಡುಮನೆ, ಅದರ ಮಧ್ಯೆ ನೆಲಕ್ಕೆ ಹೂತ ಒರಳು, ಅದರಾಚೆ ಹೊಗೆ ಹಿಡಿದ ಅಡುಗೆಮನೆ. ಅಡುಗೆಮನೆಯಲ್ಲಿ ರಾಗಿ ತುಂಬಿದ ಗುಡಾಣವೊಂದಿತ್ತು. ಮೊಟ್ಟೆಗಳನ್ನು ಅಜ್ಜಿ ಆ ರಾಗಿಯೊಳಗೆ ಹೂತಿಡುತ್ತಿದ್ದಳು. ಎಷ್ಟು ಆಳದಲ್ಲಿ ಎಷ್ಟಿವೆ ಎಂದು ಅವಳ ಮೊಣಕೈಗೆ ಮಾತ್ರ ಗೊತ್ತು. ಮನೆಯ ಅರ್ಧ ಜಗಳ ಆ ಗುಡಾಣದ ಸುತ್ತಲೇ ನಡೆಯುತ್ತಿತ್ತು. ಅಪ್ಪನಿಗೊಂದು ಇಡೀ ಮೊಟ್ಟೆ, ತಮ್ಮನಿಗೊಂದು ಇಡೀ ಮೊಟ್ಟೆ, ನನಗೆ ಅರ್ಧ, ಅಮ್ಮನಿಗೆ ಸಾರು. ಯಾಕೆ ಎಂದು ನಾನು ಕೇಳಿದರೆ, ಹೆಣ್ಣುಮಕ್ಕಳಿಗೆ ನಾಲಿಗೆ ಉದ್ದ ಬೆಳೆಯಬಾರದು ಎಂದು ಅಜ್ಜಿಯ ಉತ್ತರ. ಬೆಳೆದದ್ದು ನಾಲಿಗೆಯಲ್ಲ, ಸಿಟ್ಟು. ಅದು ಇಂದಿಗೂ ನನ್ನ ಜೊತೆಗಿದೆ.

ಆದರೆ ಕೋಳಿಯ ವಿಷಯದಲ್ಲಿ ಅಜ್ಜಿಯನ್ನು ತಪ್ಪು ಹೇಳುವಂತಿರಲಿಲ್ಲ. ಅಮಾವಾಸ್ಯೆಗೊಂದು ಸಲ ಗೂಡನ್ನು ಕೆರೆದು, ಹಿಕ್ಕೆಯನ್ನು ತಿಪ್ಪೆಗೆ ಹಾಕಿ, ಸುಣ್ಣ ಬಳಿದು, ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದಳು. ಹೇನು ಹತ್ತಿದ ಕೋಳಿಯನ್ನು ಮಡಿಲಲ್ಲಿ ಅಂಗಾತ ಮಲಗಿಸಿಕೊಂಡು ರೆಕ್ಕೆಯ ಬುಡಕ್ಕೆ ಒಲೆಯ ಬೂದಿ ತಿಕ್ಕುತ್ತಿದ್ದಳು. ಕಲ್ಲುಬಾನಿಯ ನೀರನ್ನು ದಿನಕ್ಕೆರಡು ಸಲ ಬದಲಿಸುವುದು ನನ್ನ ಪಾಲಿನ ಕೆಲಸ. ತಪ್ಪಿಸಿದ ದಿನ ಅಜ್ಜಿ ಆ ಬಾನಿಯ ಮುಂದೆ ನನ್ನನ್ನು ಕೂರಿಸಿ ಹೇಳುತ್ತಿದ್ದಳು:

“ಕುಡಿ. ನೀನ್ ಕುಡಿಯಾಕಾಗ್ದಿದ್ ನೀರ್ನ ಅವು ಯಾಕ್ ಕುಡೀಬೇಕು?”

ಈಗ ಸಭೆಗಳಲ್ಲಿ ಹೆಂಗಸರಿಗೆ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಅಜ್ಜಿಯ ಮಾತೇ. ಇಲಾಖೆಯ ಹಾಳೆಯಲ್ಲಿ ಅದೇ ಮಾತು ಬೇರೆ ಅಕ್ಷರದಲ್ಲಿದೆ, ಅಷ್ಟೆ.

ಆದರೆ ಸುಣ್ಣಕ್ಕೂ ಬೂದಿಗೂ ಬಗ್ಗದ ಕಾಯಿಲೆಯೊಂದಿತ್ತು. ಕೊಕ್ಕರೆ ರೋಗ. ಬೇಸಿಗೆ ಶುರುವಾಗುವ ಹೊತ್ತಿಗೆ ಬರುತ್ತಿತ್ತು. ನಿನ್ನೆ ಕಾಳಿಗೆ ಕಿತ್ತಾಡುತ್ತಿದ್ದ ಕೋಳಿ ಇವತ್ತು ರೆಕ್ಕೆ ಇಳಿಬಿಟ್ಟು, ಮೈ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ ತೂಕಡಿಸುತ್ತದೆ. ಹಸಿರು ನೀರಿನಂತೆ ಹಿಕ್ಕೆ ಹಾಕುತ್ತದೆ. ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತದೆ. ಕೆಲವಕ್ಕೆ ಕತ್ತು ತಿರುಚಿಕೊಂಡು ಮುಖ ಬೆನ್ನಿಗೆ ಹೋಗುತ್ತದೆ. ಒಂದಕ್ಕೆ ಬಂದರೆ ಬೀದಿಗೇ ಬಂತು ಎಂದರ್ಥ. ಒಂದು ಬೇಸಿಗೆಯಲ್ಲಿ ಅಜ್ಜಿಯ ಗೂಡಿನಲ್ಲಿ ಮೂರು ಕೋಳಿ ಬಿಟ್ಟು ಎಲ್ಲವೂ ಹೋದವು. ಬೆಳ್ಳುಳ್ಳಿ, ಮೆಣಸು, ಅರಿಶಿನ ಅರೆದು ಒಂದೊಂದರ ಗಂಟಲಿಗೂ ಉಂಡೆ ತುರುಕಿದಳು. ಕೊನೆಗೆ ಉಳಿದ ಮೂರನ್ನು ನಡುಮನೆಗೆ ತಂದುಕೊಂಡು, ಖಾಲಿ ಗೂಡಿನ ಮುಂದೆ ಕೂತು, ಚಪ್ಪಡಿಯನ್ನು ಸಂಜೆ ಮುಚ್ಚಿ ಬೆಳಿಗ್ಗೆ ತೆರೆಯುವುದನ್ನು ಮಾತ್ರ ಬಿಡಲಿಲ್ಲ. ಒಳಗೆ ಏನೂ ಇಲ್ಲದಿದ್ದರೂ ಮುಚ್ಚುತ್ತಿದ್ದಳು. ಅದನ್ನು ನೋಡಿ ನನಗೆ ಅಳು ಬರುತ್ತಿತ್ತು.

ಪಶು ಆಸ್ಪತ್ರೆಯ ಕಾಂಪೌಂಡರು ಮುನಿವೆಂಕಟಪ್ಪ ಎಂಬವರು ಅದಕ್ಕೂ ಎರಡು ವರ್ಷ ಮೊದಲಿನಿಂದ ನಮ್ಮ ಬೀದಿಗೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಎಮ್ಮೆಗಳಿಗೆ ಔಷಧ ಕೊಟ್ಟು ಹೋಗುವಾಗ ನಮ್ಮ ತಿಣ್ಣೆಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತ ಒಂದೇ ಮಾತು ಹೇಳುತ್ತಿದ್ದರು: ರೋಗ ಬರುವ ಮೊದಲೇ ರೆಕ್ಕೆಗೊಂದು ಸೂಜಿ ಹಾಕಿಸಿದರೆ ಕೊಕ್ಕರೆ ಬರುವುದಿಲ್ಲ. ಅಜ್ಜಿ ನಗುತ್ತಿದ್ದಳು. ಸೂಜಿ ಚುಚ್ಚಿಸಿಕೊಂಡ ಕೋಳಿಯ ಸಾರು ಕಹಿಯಾಗುತ್ತದೆ, ಅದು ಮೊಟ್ಟೆ ಇಡುವುದನ್ನೇ ಬಿಡುತ್ತದೆ, ಚೆನ್ನಾಗಿರುವುದಕ್ಕೆ ಔಷಧ ಯಾಕೆ, ಹೀಗೆ ಅವಳದು ದಿನಕ್ಕೊಂದು ತಕರಾರು. ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಗೂಡು ಖಾಲಿಯಾದ ವರ್ಷ ಬಂದಾಗ ಅಜ್ಜಿಯೇ ಕೇಳಿದಳು:

“ಅದೇನೋ ಸೂಜಿ ಅಂತಿದ್ಯಲ್ಲಪ್ಪಾ. ಉಳಿದ ಮೂರ್ರಲ್ಲಿ ಮತ್ತೆ ಮರಿ ಮಾಡ್ತೀನಿ. ಮುಂದಿನ ಬೇಸಿಗೆಗೆ ಬಾ.”

“ಬರ್ತೀನಿ ಅಜ್ಜಿ. ಯುಗಾದಿ ಆದ್ಮೇಲೆ ಬರ್ತೀನಿ. ನೀವ್ ಒಬ್ರು ಒಪ್ಪಿದ್ರೆ ಬೀದಿನೇ ಒಪ್ತದೆ.”

ಅದು ನಿಜ. ಕೋಳಿಯ ವಿಷಯದಲ್ಲಿ ಅಜ್ಜಿ ಹೂಂ ಎಂದರೆ ಬೀದಿ ಹೂಂ ಎನ್ನುತ್ತಿತ್ತು. ಒಂದು ವರ್ಷದಲ್ಲಿ ಮೂರು ಕೋಳಿ ಮೂವತ್ತಾದವು. ಅಜ್ಜಿ ಸಂಜೆ ಒಂದೊಂದನ್ನೇ ಹೆಸರು ಹಿಡಿದು ಕರೆದು ಒಳಗೆ ಬಿಡುತ್ತಿದ್ದಳು.

ಇನ್ನು ಅಮ್ಮನ ಮಾತು. ಅಮ್ಮನ ತವರು ಮುಳಬಾಗಿಲು ದಾಟಿ ಆಂಧ್ರದ ಗಡಿಗೆ ತಾಗಿದ ಹಳ್ಳಿ. ಅಲ್ಲಿ ಮನೆಯೊಳಗೆಲ್ಲ ತೆಲುಗು. ಬಡತನದ ಮನೆ. ಹಬ್ಬಕ್ಕೆ ಹೋಗಿ ಬಂದಾಗ ಅಮ್ಮನ ಕೈಯಲ್ಲಿ ಹೆಚ್ಚೆಂದರೆ ಒಂದಿಷ್ಟು ಹುಣಸೆಹಣ್ಣು ಇರುತ್ತಿತ್ತು. ಚೀಲ ಇಳಿಸುವ ಮೊದಲೇ ಅಜ್ಜಿ ಕೇಳುತ್ತಿದ್ದಳು:

“ಏನ್ ಕಳ್ಸವ್ರೆ ಈ ಸಲ? ಬರೀ ಮಾತೇನಾ?”

ಅಮ್ಮ ಒಲೆಯ ಮುಂದೆ ಕೂತು ಸೌದೆಯನ್ನು ಅಗತ್ಯಕ್ಕಿಂತ ಜಾಸ್ತಿ ಒಳಗೆ ತಳ್ಳುತ್ತಿದ್ದಳು. ಆ ವರ್ಷದ ಯುಗಾದಿಗೆ ನಾನೂ ಅಮ್ಮನ ಜೊತೆ ಹೋಗಿದ್ದೆ. ನನಗೆ ಹತ್ತು ವರ್ಷ. ಹೊರಡುವ ದಿನ ಅಮ್ಮಮ್ಮ, ಎಂದರೆ ಅಮ್ಮನ ತಾಯಿ, ಒಂದು ಕರೀ ಹೇಂಟೆಯನ್ನು ಕೈಚೀಲಕ್ಕೆ ಇಳಿಸಿ, ತಲೆ ಮಾತ್ರ ಹೊರಗಿರುವಂತೆ ಬಾಯಿ ಕಟ್ಟಿ ನನ್ನ ತೊಡೆಯ ಮೇಲಿಟ್ಟಳು. ಅಮ್ಮನಿಗೆ ಹೇಳಿದಳು:

“ಮೀ ಅತ್ತಕು ಚೆಪ್ಪು, ಇದಿ ಮಾ ಇಂಟಿ ಕೋಡಿ ಅನಿ.”

ನಿಮ್ಮತ್ತೆಗೆ ಹೇಳು, ಇದು ನಮ್ಮ ಮನೆಯ ಕೋಳಿ ಎಂದು. ಹೇಳುವಾಗ ಅವಳ ಗಲ್ಲ ಸ್ವಲ್ಪ ಮೇಲೆದ್ದಿತ್ತು. ಅಂದು ಬೆಳಿಗ್ಗೆಯೇ ಬಾವಿಯ ಹತ್ತಿರ ಇಬ್ಬರು ಹೆಂಗಸರು ತೆಗುಲು ಬಂದಿದೆಯಂತೆ ಎಂದು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿದ್ದಿತ್ತು. ತೆಗುಲು ಎಂದರೆ ರೋಗ. ಯಾರ ಮನೆಯಲ್ಲಿ, ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಬಸ್ಸು ಮುಳಬಾಗಿಲಿಂದ ಶ್ರೀನಿವಾಸಪುರದ ಕಡೆಗೆ ಹೊರಟ ಸ್ವಲ್ಪ ಹೊತ್ತಿಗೆ ನನ್ನ ಲಂಗಕ್ಕೆ ಬೆಚ್ಚಗೆ ಏನೋ ತಾಗಿತು. ಚೀಲ ಎತ್ತಿ ನೋಡಿದೆ. ಹಸಿರು. ನೀರು ನೀರಾದ ಹಸಿರು. ಅಜ್ಜಿಯ ಮೊಮ್ಮಗಳಾದ ನನಗೆ ಅದು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಮ್ಮ ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದ್ದಳು. ಅವಳ ಮುಖದಲ್ಲಿ ನಾನು ಎಂದೂ ಕಾಣದ ನೆಮ್ಮದಿ ಇತ್ತು. ನಾನು ಲಂಗದ ಆ ಭಾಗವನ್ನು ಮುದುರಿ ತೊಡೆಯ ಕೆಳಗೆ ಸಿಕ್ಕಿಸಿಕೊಂಡೆ.

ತವರಿನಿಂದ ಕೋಳಿ ಬಂದರೆ ನಮ್ಮಲ್ಲಿ ಅದಕ್ಕೊಂದು ಕ್ರಮವಿದೆ. ಹೊಸಿಲಲ್ಲಿ ಅದರ ಕಾಲಿಗೆ ಅರಿಶಿನದ ನೀರು ಹಾಕಿ, ಒಳಗೆ ತಂದು ಒರಳಿಗೆ ಮೂರು ಸುತ್ತು ಬರಿಸಿ, ಮನೆಯ ಹಿರಿಯಳು ತನ್ನ ಕೈಯಾರೆ ಉಳಿದ ಕೋಳಿಗಳ ಜೊತೆ ಗೂಡಿಗೆ ಬಿಡಬೇಕು. ಅಂದೇ ಬಿಡಬೇಕು. ಒಂದು ದಿನ ಬೇರೆ ಕಟ್ಟಿದರೂ ಸೊಸೆಯ ತವರನ್ನು ಬಾಗಿಲಾಚೆ ನಿಲ್ಲಿಸಿದಂತೆ. ಹೊಸ ಕೋಳಿಯನ್ನು ಹದಿನೈದು ದಿನ ಬೇರೆ ಇಟ್ಟು ನೋಡಿ ಎಂದು ಇವತ್ತು ಗಂಟಲು ಹರಿದುಕೊಳ್ಳುವ ನಾನು ಯಾವ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದೇನೆ ಎಂದು ನನಗೆ ಚೆನ್ನಾಗಿ ಗೊತ್ತು. ಸಂತೆಯಿಂದ ತಂದದ್ದನ್ನು ಹೇಗೋ ಬೇರೆ ಇಡುತ್ತಾರೆ. ತವರಿನದನ್ನು ಜಪ್ಪಯ್ಯ ಎಂದರೂ ಇಡುವುದಿಲ್ಲ. ಅವತ್ತು ಅಜ್ಜಿ ಆ ಕರೀ ಹೇಂಟೆಯನ್ನು ಎರಡೂ ಕೈಯಲ್ಲಿ ಎತ್ತಿ ತೂಗಿದಳು.

“ತೂಕ ಐತೆ ಕಣೇ. ಚೆನ್ನಾಗಿ ಮೇಯ್ಸವ್ರೆ ನಿಮ್ಮಮ್ಮ.”

ಒರಳು ಸುತ್ತಿಸಿ ಗೂಡಿಗೆ ಬಿಟ್ಟಳು. ಅಂದು ಸಂಜೆ ಅಮ್ಮ ಒಲೆಯ ಮುಂದೆ ಕೂರಲು ಹೋದರೆ, ಪ್ರಯಾಣ ಮಾಡಿ ಬಂದಿದ್ದೀಯ, ಕೂತ್ಕೋ, ಮುದ್ದೆ ನಾನು ತಿರುವುತ್ತೀನಿ ಎಂದಳು. ಅಮ್ಮ ಮದುವೆಯಾಗಿ ಬಂದ ಮೇಲೆ ಅಂಥ ಮಾತು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲಿರಬೇಕು. ಅಮ್ಮ ಗೋಡೆಗೆ ಒರಗಿ ಕೂತು, ಏನು ಮಾಡಬೇಕೆಂದು ತಿಳಿಯದೆ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಲಂಗವನ್ನು ಹಿತ್ತಲಿಗೆ ಒಯ್ದು ನಾನೇ ಒಗೆದೆ.

ಮೂರನೆಯ ದಿನ ಬೆಳಿಗ್ಗೆ ಕರೀ ಹೇಂಟೆ ಗೂಡಿನಿಂದ ಹೊರಗೆ ಬಂದು ಮೈ ಉಬ್ಬಿಸಿಕೊಂಡು ನಿಂತಿತು. ಅಜ್ಜಿ ತೋಪಿಗೆ ಹೋಗಿದ್ದಳು. ಅಮ್ಮ ಅದನ್ನು ಒಂದು ಕ್ಷಣ ನೋಡಿದಳು, ಎತ್ತಿಕೊಂಡು ಒಳಗೆ ಹೋದಳು, ನಡುಮನೆಯ ಮೂಲೆಯಲ್ಲಿ ಹುಲ್ಲು ಹಾಸಿ ಕೂರಿಸಿ ಮೇಲೆ ಮಂಕರಿ ಬೋರಲು ಹಾಕಿದಳು. ಅಜ್ಜಿ ಬಂದಾಗ ಹೇಳಿದಳು:

“ಕಾವಿಗೆ ಕೂತೈತೆ ಅತ್ತೆ.”

ಕಾವಿಗೆ ಬಂದ ಕೋಳಿಯೂ ಮೈ ಉಬ್ಬಿಸುತ್ತದೆ, ಮೇವು ಬಿಡುತ್ತದೆ, ಮಂಕಾಗಿ ಒಂದೇ ಕಡೆ ಕೂರುತ್ತದೆ. ದೂರದಿಂದ ನೋಡಿದರೆ ರೋಗದ ಕೋಳಿಗೂ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಅಜ್ಜಿಗೆ ಖುಷಿಯಾಗಿ ಗುಡಾಣಕ್ಕೆ ಕೈ ಹಾಕಿ ಹನ್ನೊಂದು ಮೊಟ್ಟೆ ತೆಗೆದುಕೊಟ್ಟಳು. ಅಮ್ಮ ಅವನ್ನು ಮಂಕರಿಯ ಅಡಿಗೆ ಇಟ್ಟಳು. ಮಧ್ಯಾಹ್ನ ಯಾರೂ ಇಲ್ಲದಾಗ ನಾನು ಎತ್ತಿ ನೋಡಿದೆ. ಹೇಂಟೆ ಮೊಟ್ಟೆಗಳ ಮೇಲಿರಲಿಲ್ಲ, ಪಕ್ಕಕ್ಕೆ ವಾಲಿತ್ತು. ಹುಲ್ಲೆಲ್ಲ ಹಸಿರು. ಮೊಟ್ಟೆ ಮುಟ್ಟಿದೆ, ತಣ್ಣಗಿದ್ದವು. ಅಮ್ಮನಿಗೆ ಗೊತ್ತಿದೆಯೆಂದು ನನಗೆ ಗೊತ್ತಾಯಿತು. ನನಗೆ ಗೊತ್ತಿದೆಯೆಂದು ಅಮ್ಮನಿಗೆ ಹೇಳಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಆ ಮಂಕರಿಯನ್ನು ಸುತ್ತು ಬಳಸಿ ಓಡಾಡಿದೆವು.

ಮರುದಿನ ಬೆಳಕು ಹರಿಯುವಾಗಲೇ ಮುನಿವೆಂಕಟಪ್ಪನವರು ಬಂದರು. ಸೈಕಲ್ಲಿನ ಹ್ಯಾಂಡಲ್ಲಿಗೆ ಐಸು ತುಂಬಿದ ಫ್ಲಾಸ್ಕು ನೇತಾಡುತ್ತಿತ್ತು. ಬೀದಿಯ ಹೆಂಗಸರೆಲ್ಲ ನಮ್ಮ ತಿಣ್ಣೆಯ ಮುಂದೆ ಸೇರಿದ್ದರು. ಎದುರುಮನೆಗೆ ಆಗತಾನೆ ಸೊಸೆಯಾಗಿ ಬಂದಿದ್ದ ನರಸಮ್ಮಕ್ಕನೂ ಇದ್ದಳು. ಅಜ್ಜಿ ಚಪ್ಪಡಿ ಸರಿಸಿ ಒಂದೊಂದನ್ನೇ ಹಿಡಿದು ಕೊಡುತ್ತಿದ್ದಳು, ಅವರು ರೆಕ್ಕೆ ಬಿಡಿಸಿ ಸೂಜಿ ಹಾಕುತ್ತಿದ್ದರು. ಆಗೆಲ್ಲ ಒಂದೇ ಸೂಜಿ. ನಡುನಡುವೆ ಅದನ್ನು ಬಿಸಿನೀರಿಗೆ ಅದ್ದಿ ಒರೆಸುತ್ತಿದ್ದರು. ಶುರು ಮಾಡುವ ಮೊದಲು ಕೇಳಿದ್ದರು:

“ಅಜ್ಜಿ, ಯಾವ್ದಾದ್ರೂ ತೂಕಡಿಸ್ತಾ ಐತಾ? ಮೊದ್ಲೇ ಹೇಳ್ಬಿಡಿ. ರೋಗ ಒಳಗಿದ್ರೆ ಸೂಜಿ ಹಾಕ್ಬಾರ್ದು. ಇನ್ನೂ ಬೇಗ ಸಾಯ್ತವೆ.”

“ನಮ್ ಕೋಳಿ ಎಲ್ಲಾ ಗುಂಡುಕಲ್ಲಿದ್ದಂಗವೆ, ನೋಡ್ಕೋ.”

ಅವರು ನೀರು ಕೇಳಿಕೊಂಡು ನಡುಮನೆಗೆ ಬಂದವರು ಮೂಲೆಯ ಮಂಕರಿಯನ್ನು ಕಂಡರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದಳು. ಅವರು ಕೇಳಿದ್ದು ಅಮ್ಮನನ್ನಲ್ಲ, ನನ್ನನ್ನು.

“ಏನ್ ಪುಟ್ಟಿ, ಅದ್ರಡಿ ಏನೈತೆ?”

ನಾನು ಅಮ್ಮನ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಕಂಬ ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು.

“ಕಾವಿಗೆ ಕೂತೈತೆ,” ಎಂದೆ.

“ಹಂಗಾದ್ರೆ ಬ್ಯಾಡ ಬಿಡು.”

ಅವರೂ ನಮ್ಮ ಕಡೆಯ ಹಳ್ಳಿಯವರೇ. ಕಾವಿಗೆ ಕೂತದ್ದನ್ನು ಎಬ್ಬಿಸಬಾರದು ಎಂದು ಅವರ ಅಜ್ಜಿಯೂ ಹೇಳಿರಬೇಕು. ನೀರು ಕುಡಿದು ಹೊರಗೆ ಹೋದರು. ನಮ್ಮ ಮನೆಯಿಂದ ಶುರುವಾಗಿ ಬೀದಿಯ ಕೊನೆಯ ಮನೆಯವರೆಗೂ ಅದೇ ಸೂಜಿ ಹೋಯಿತು. ನಾನು ಶಾಲೆಯಿಂದ ಬಂದಾಗ ಮೂಲೆಯಲ್ಲಿ ಮಂಕರಿ ಇರಲಿಲ್ಲ, ನೆಲ ಸಗಣಿಯಲ್ಲಿ ಸಾರಿಸಿತ್ತು. ಕೋಳಿ ಎಲ್ಲಿ ಎಂದರೆ, ತೋಪಿನ ಕಡೆ ಹೋಯಿತು, ನರಿ ಹಿಡಿದಿರಬೇಕು ಎಂದಳು ಅಮ್ಮ. ಅಜ್ಜಿ ತಿಣ್ಣೆಯ ಮೇಲೆ ಎಲೆಯಡಿಕೆ ಜಗಿಯುತ್ತ ಕೂತಿದ್ದಳು.

ಸೂಜಿ ಹಾಕಿದ ಮೂರನೆಯ ದಿನಕ್ಕೆ ನಮ್ಮ ಗೂಡಿನಲ್ಲಿ ಮೊದಲ ಕತ್ತು ತಿರುಚಿತು. ನಾಲ್ಕನೆಯ ದಿನಕ್ಕೆ ನರಸಮ್ಮಕ್ಕನ ಮನೆಯಲ್ಲಿ. ವಾರ ಕಳೆಯುವ ಹೊತ್ತಿಗೆ ಬೀದಿಯ ಗೂಡುಗಳೆಲ್ಲ ಹೆಚ್ಚುಕಡಿಮೆ ಬರಿದು. ಸಾಯುವ ಮೊದಲೇ ಕುಯ್ದು ಎಲ್ಲ ಮನೆಯಲ್ಲೂ ಕೋಳಿ ಸಾರು, ಮುದ್ದೆ. ಮೊದಲ ದಿನ ನಾವು ಮಕ್ಕಳು ಹಬ್ಬ ಎಂದುಕೊಂಡು ಬೆರಳು ಚೀಪಿದೆವು. ಮೂರನೆಯ ದಿನ ತಮ್ಮನೇ ತಟ್ಟೆ ದೂಡಿದ. ಸತ್ತವನ್ನು ಪಕ್ಕದೂರಿನ ಗಡಿಯಾಚೆ ಎಸೆದು ಬಂದರು, ರೋಗವೂ ಅತ್ತ ಹೋಗಲಿ ಎಂದು. ಅದು ಅತ್ತ ಹೋಯಿತು ಕೂಡ. ಎಂಟನೆಯ ದಿನ ಮುನಿವೆಂಕಟಪ್ಪನವರು ಏನೂ ತಿಳಿಯದೆ ಸೈಕಲ್ ತುಳಿದುಕೊಂಡು ಬಂದರು. ಬೀದಿಯೇ ಮೇಲೆ ಬಿತ್ತು. ಎಲ್ಲರಿಗಿಂತ ಗಟ್ಟಿಯಾದ ದನಿ ಅಜ್ಜಿಯದು. ಅಂದು ಬೆಳಿಗ್ಗೆ ಸತ್ತಿದ್ದ ದೊಡ್ಡ ಹುಂಜವನ್ನು ತಂದು ಅವರ ಸೈಕಲ್ಲಿನ ಕ್ಯಾರಿಯರ್ ಮೇಲೆ ಹಾಕಿದಳು.

“ತಗೊಂಡೋಗ್ಲಾ, ನಿನ್ ಸೂಜಿ ತಿಂದ ಹುಂಜ! ಇನ್ನೊಂದ್ ಸಲ ಈ ಬೀದಿಗ್ ಕಾಲಿಟ್ರೆ ನೋಡು!”

“ಅಜ್ಜಿ, ಸೂಜಿಯಿಂದ ಹಿಂಗಾಗಲ್ಲ. ಮೊದ್ಲೇ ಎಲ್ಲೋ ರೋಗ ಇತ್ತು. ಯೋಚ್ನೆ ಮಾಡಿ ಹೇಳಿ, ಒಂದಾದ್ರೂ ಇತ್ತಾ?”

“ಒಂದೂ ಇರ್ಲಿಲ್ಲ!”

ಅವರು ನನ್ನ ಕಡೆ ನೋಡಿದರು. ನಾನು ಬಾಗಿಲ ಹಿಂದೆ ಸರಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆಯ ವಾಸನೆ ನನಗೆ ಅಂದೇ ಬಡಿದದ್ದು. ಅವರು ಹುಂಜವನ್ನು ಮೆಲ್ಲಗೆ ಇಳಿಸಿ ನೆಲದ ಮೇಲಿಟ್ಟು, ಸೈಕಲ್ ತಳ್ಳಿಕೊಂಡೇ ಬೀದಿಯ ಕೊನೆಯವರೆಗೆ ನಡೆದು ಹೋದರು. ಆಮೇಲೆ ಅವರನ್ನು ನಾನು ನೋಡಲಿಲ್ಲ. ಬೇರೆ ಕಡೆಗೆ ವರ್ಗವಾಯಿತಂತೆ. ಅಂದಿನಿಂದ ನಮ್ಮ ಬೀದಿಗೆ ಸೂಜಿ ಬರಲಿಲ್ಲ, ಕೊಕ್ಕರೆ ಮಾತ್ರ ಬೇಸಿಗೆ ಬೇಸಿಗೆಗೂ ತಪ್ಪದೆ ಬಂತು. ಅಜ್ಜಿ ಪ್ರತಿ ಸಲ ಬೆಳ್ಳುಳ್ಳಿ ಅರೆದಳು, ಪ್ರತಿ ಸಲ ಖಾಲಿ ಗೂಡಿಗೆ ಚಪ್ಪಡಿ ಮುಚ್ಚಿದಳು. ಸಾಯುವವರೆಗೂ ಹಾಗೇ.

ನಾನು ಈ ಕೆಲಸಕ್ಕೆ ಸೇರಿದ್ದು ಆ ಋಣ ತೀರಿಸಲೆಂದೇ ಎಂದರೆ ದೊಡ್ಡ ಮಾತಾದೀತು. ಕೆಲಸ ಸಿಕ್ಕಿತು, ಸೇರಿದೆ. ಆದರೆ ನಮ್ಮೂರು ನನ್ನ ಪಾಲಿಗೆ ಬಂದಾಗ ತಪ್ಪಿಸಿಕೊಳ್ಳಬಹುದಿತ್ತು, ತಪ್ಪಿಸಿಕೊಳ್ಳಲಿಲ್ಲ. ನಾನು ಈಗ ಶ್ರೀನಿವಾಸಪುರದಲ್ಲಿದ್ದೇನೆ. ಅಮ್ಮ ಊರಿನಲ್ಲಿ ತಮ್ಮ, ಅವನ ಹೆಂಡತಿ ಪವಿತ್ರಾ, ಮೊಮ್ಮಕ್ಕಳ ಜೊತೆಗಿದ್ದಾಳೆ. ಪ್ರತಿ ವರ್ಷ ಆ ಬೀದಿಗೆ ಪೆಟ್ಟಿಗೆ ಒಯ್ಯುತ್ತೇನೆ. ಪ್ರತಿ ವರ್ಷ ನರಸಮ್ಮಕ್ಕ ತಿಣ್ಣೆಯ ಮೇಲೆ ಕೂತು, ಆ ಕಾಂಪೌಂಡರು ಬಂದು ಚುಚ್ಚಿ ಏಳು ಕೋಳಿ ತಿಂದ ಕತೆಯನ್ನು ಹೊಸ ಸೊಸೆಯರಿಗೆ ಹೇಳುತ್ತಾಳೆ. ಅರ್ಧ ಬೀದಿ ಗೂಡಿನ ಬಾಗಿಲು ತೆರೆಯುವುದಿಲ್ಲ. ರೋಗ ಬಂದ ಮೇಲೆ ಓಡಿ ಬರುತ್ತಾರೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆಗ ಆಗುವುದಿಲ್ಲ ಎಂದರೆ, ನೋಡಿದಿರಾ, ಇವರ ಔಷಧ ಇಷ್ಟೇ ಎನ್ನುತ್ತಾರೆ. ಎಷ್ಟೋ ಸಲ ಪೆಟ್ಟಿಗೆಯನ್ನು ಬೀದಿಯ ಮಧ್ಯೆ ಎತ್ತಿ ಬಿಸಾಕಬೇಕು ಅನ್ನಿಸಿದೆ. ಆದರೆ ಯಾರ ಮೇಲೆ ಸಿಟ್ಟು ಮಾಡಲಿ? ಆ ಕತೆಯನ್ನು ಕಟ್ಟಿಕೊಟ್ಟವಳು ನಾನೇ. ರೋಗ ಮೊದಲೇ ಎಲ್ಲೋ ಇತ್ತಂತೆ ಎಂದು ಪ್ರತಿ ವರ್ಷ ಅವರಿಗೆ ಹೇಳುತ್ತಿದ್ದೆ. ಎಲ್ಲಿ ಎಂದು ಹೇಳುತ್ತಿರಲಿಲ್ಲ.

ಈ ಸಲ ಯುಗಾದಿ ಕಳೆದು ನಾನು ಊರಿಗೆ ಹೋದ ದಿನವೇ ಪವಿತ್ರಾ ಮಾಲೂರಿನ ಕಡೆಯ ಲಕ್ಕೂರಿನ ತನ್ನ ತವರಿನಿಂದ ಬಂದಿಳಿದಳು. ಕೈಚೀಲದಲ್ಲಿ ಒಂದು ಕೆಂಪು ಹೇಂಟೆ, ತಲೆ ಮಾತ್ರ ಹೊರಗೆ. ನಾನು ಅದರ ಕಾಲು, ಕಣ್ಣು, ಬಾಲದ ಬುಡ ನೋಡಿದೆ. ಚೆನ್ನಾಗಿಯೇ ಇತ್ತು. ಆದರೂ ಹದಿನೈದು ದಿನ ಬೇರೆ ಕಟ್ಟು ಎಂದೆ. ಅವಳ ಮುಖ ಇಳಿಯಿತು.

“ಏನಕ್ಕಾ ನೀವು, ನಮ್ಮಮ್ಮ ಕೊಟ್ಟಿರೋ ಕೋಳಿನ ಜೈಲಿಗಾಕ್ತೀರಾ? ಊರೋರ್ ನೋಡಿದ್ರೆ ಏನಂತಾರೆ?”

ನಾನು ಜಗಳಕ್ಕೆ ಸಿದ್ಧಳಾದೆ. ಅಷ್ಟರಲ್ಲಿ ತಿಣ್ಣೆಯ ಮೇಲಿದ್ದ ಅಮ್ಮ ಬಾಯಿ ತೆರೆದಳು.

“ಹಿತ್ತಲ ಸೌದೆ ಕೊಟ್ಟಿಗೇಲಿ ಕಟ್ಟಮ್ಮ ಪವಿತ್ರಾ. ಊರೋರ್ಗೆ ನಾನ್ ಹೇಳ್ತೀನಿ.”

ಅತ್ತೆಯೇ ಹೇಳಿದ ಮೇಲೆ ಪವಿತ್ರಾ ಗೊಣಗುತ್ತ ಹಿತ್ತಲಿಗೆ ಹೋದಳು. ನನಗೆ ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಲಂಗಕ್ಕೆ ತಾಗಿದ ಹಸಿರಿನಿಂದ ಹಿಡಿದು ತಣ್ಣಗಿದ್ದ ಮೊಟ್ಟೆಗಳವರೆಗೆ ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷ ನುಂಗಿಕೊಂಡದ್ದು ಹೊರಗೆ ಬರಲು ಎಲೆಯಡಿಕೆ ಜಗಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ನಾವಿಬ್ಬರೂ ಸೇರಿ ಅಜ್ಜಿಗೂ ಆ ಮನುಷ್ಯನಿಗೂ ಮೋಸ ಮಾಡಿದೆವಲ್ಲಮ್ಮಾ ಎಂದೆ. ಅಮ್ಮ ಸೆರಗಿನ ಅಂಚನ್ನು ಮಡಿಸಿ ಬಿಡಿಸಿ ಮಾಡಿದಳು.

“ನಿಮ್ಮಜ್ಜಿಗೆ ಯಾರ್ ಮೋಸ ಮಾಡಾಕಾಗ್ತಿತ್ತೇ? ಅವಯ್ಯ ನಮ್ಮನೆ ಮುಗ್ಸಿ ಆಚೆ ಹೋದ್ ಗಳಿಗೇಲೇ ಒಳಗ್ ಬಂದು ಮಂಕ್ರಿ ಎತ್ತಿದ್ರು. ಮೊಟ್ಟೆ ಮುಟ್ಟಿ ನೋಡಿದ್ರು. ನನ್ ಕಡೆ ನೋಡಿದ್ರು. ನಾನು ಅವ್ರ್ ಕಾಲ್ ಹಿಡ್ಕೊಂಡೆ.”

“ಆಗ ಆ ಕಾಂಪೌಂಡರು ಎಲ್ಲಿದ್ರು?”

“ಅಷ್ಟೊತ್ತಿಗೆ ಮೂರ್ನೇ ಮನೇಲಿ. ಓಡೋಗಿ ಹೇಳ್ಬಿಡ್ತೀನಿ ಅತ್ತೆ, ನಿಲ್ಸಿಬಿಡ್ಲಿ ಅಂದೆ. ಅತ್ತೆ ನನ್ ರಟ್ಟೆ ಹಿಡ್ಕೊಂಡ್ರು. ‘ಸುಮ್ನಿರು. ಅವ್ನು ಸೈಕಲ್ ಹತ್ತಿ ಹೋಗೋನು, ನೀನು ಈ ಬೀದಿಲಿ ಬಾಳೋಳು. ನಿನ್ ತವರಿನ ಕೋಳಿ ಬೀದಿ ತಿಂತು ಅಂತ ಸಾಯೋಗಂಟ ಅಂತಾರೆ’ ಅಂದ್ರು. ಕೋಳಿನ ಮಡಿಲಲ್ಲಿ ಕಟ್ಕೊಂಡು ತೋಪಿಗೋಗಿ ಹೂತ್ ಬಂದೋರು ಅವ್ರೇ.”

ಅಜ್ಜಿ ನನಗೆ ಅರ್ಧ ಮೊಟ್ಟೆ ಕೊಟ್ಟವಳು. ಅಮ್ಮನ ತವರನ್ನು ಬಾಯಿ ತುಂಬ ಹಂಗಿಸಿದವಳು. ತನ್ನ ಮೂವತ್ತು ಕೋಳಿ, ಬೀದಿಯವರ ಕೋಳಿ, ಒಬ್ಬ ಒಳ್ಳೆಯ ಮನುಷ್ಯನ ಮಾನ, ಎಲ್ಲವನ್ನೂ ತೂಗಿ ಸೊಸೆಯ ಕಡೆಗೆ ತಕ್ಕಡಿ ಬಗ್ಗಿಸಿದವಳೂ ಅವಳೇ. ಅವಳನ್ನು ತಬ್ಬಿಕೊಳ್ಳಬೇಕೋ ಭುಜ ಹಿಡಿದು ಅಲುಗಾಡಿಸಬೇಕೋ ತಿಳಿಯಲಿಲ್ಲ. ಎರಡಕ್ಕೂ ಅವಳಿಲ್ಲ. ಮೂರನೆಯ ಮನೆಯಲ್ಲಿ ನಿಲ್ಲಿಸಿದ್ದರೆ ಬೀದಿಯ ಅರ್ಧ ಉಳಿಯುತ್ತಿತ್ತಲ್ಲಮ್ಮಾ ಎಂದು ಕೂಗಿದೆ. ಗೊತ್ತು ಎಂದಳು ಅಮ್ಮ. ನನಗೆ ಮೈಯೆಲ್ಲ ಉರಿಯಿತು. ಸೈಕಲ್ ಹತ್ತಿ ಹೋಗುವ ಆ ಮನುಷ್ಯನ ಹಾಗೆ, ಸಂಜೆಯಾದ ಮೇಲೆ ಗಾಡಿ ಹತ್ತಿ ಹೋಗುವವಳ ಕೆಲಸವನ್ನೇ ನಾನು ಇಷ್ಟು ವರ್ಷ ಮಾಡಿದ್ದೆ.

ಮಾರನೆಯ ಬೆಳಿಗ್ಗೆ ಲಸಿಕೆಗೆ ನರಸಮ್ಮಕ್ಕನ ಮನೆಯಿಂದಲೇ ಶುರು ಮಾಡಿದೆ. ಅವಳು ಎಂದಿನಂತೆ ಗೂಡಿನ ಬಾಗಿಲಿಗೆ ಅಡ್ಡ ಕೂತಿದ್ದಳು.

“ನಮ್ಗ್ ಬ್ಯಾಡಮ್ಮ ಸರೋಜಾ. ಆವತ್ತು ಆ ಮುನಿವೆಂಕಟಪ್ಪ ಚುಚ್ಚಿ ನಮ್ ಏಳು ಕೋಳಿ...”

“ಅವ್ರು ಕೊಂದಿದ್ದಲ್ಲ ನರಸಮ್ಮಕ್ಕಾ. ನಮ್ಮನೇಲಿ ರೋಗದ್ ಕೋಳಿ ಇತ್ತು. ಮಂಕ್ರಿ ಅಡಿ ಬಚ್ಚಿಟ್ಟು ಕಾವಿಗೆ ಕೂತೈತೆ ಅಂದ್ವಿ. ಅಂದೋಳು ನಾನೇ. ನಮ್ಮನೆ ರೋಗನೇ ಸೂಜಿ ಹತ್ಕೊಂಡು ನಿಮ್ಮನೇಗ್ ಬಂತು.”

ಬೀದಿಯಲ್ಲಿ ನಾಲ್ಕೈದು ಬಾಗಿಲು ತೆರೆದಿದ್ದವು. ನರಸಮ್ಮಕ್ಕ ನನ್ನನ್ನೇ ದಿಟ್ಟಿಸಿದಳು. ಆಮೇಲೆ ಅವಳ ಕಣ್ಣು ನನ್ನ ಹೆಗಲ ಮೇಲಿಂದ ಹಾದು ಎದುರಿನ ನಮ್ಮ ತಿಣ್ಣೆಗೆ ಹೋಯಿತು. ಅಲ್ಲಿ ಅಮ್ಮ ಕಂಬ ಹಿಡಿದು ನಿಂತಿದ್ದಳು.

“ನಿಮ್ಮಮ್ಮಂಗೆ ಗೊತ್ತಿತ್ತಾ?”

ಇಷ್ಟು ವರ್ಷಕ್ಕೆ ಒಂದು ಸಲ ಪೂರ್ತಿ ನಿಜ ಹೇಳಿಬಿಡಬೇಕೆಂದು ರಾತ್ರಿಯೆಲ್ಲ ನಿದ್ದೆಗೆಟ್ಟವಳು ನಾನು.

“ಇಲ್ಲಕ್ಕಾ. ಅಮ್ಮಂಗ್ ಗೊತ್ತಿರ್ಲಿಲ್ಲ, ಅಜ್ಜಿಗೂ ಗೊತ್ತಿರ್ಲಿಲ್ಲ. ನನಗೊಬ್ಬಳಿಗೇ.”

“ಥೂ, ನಿನ್ನ ಬಾಯಿಗಿಷ್ಟು ಮಣ್ಣಾಕ,” ಎಂದು ಅವಳು ಚಪ್ಪಡಿಯನ್ನು ಇನ್ನಷ್ಟು ಬಿಗಿಯಾಗಿ ಗೂಡಿಗೆ ಒತ್ತಿದಳು. ಅಕ್ಕಪಕ್ಕದ ಬಾಗಿಲುಗಳೂ ಒಂದೊಂದಾಗಿ ಮುಚ್ಚಿಕೊಂಡವು. ಕಲಸಿದ ಲಸಿಕೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ಸೀಸೆಯಲ್ಲಿದ್ದದ್ದನ್ನು ಮಣ್ಣಲ್ಲಿ ಹೂತು, ಪೆಟ್ಟಿಗೆ ಮುಚ್ಚಿ, ಸ್ಕೂಟರಿಗೆ ಕಟ್ಟಿದೆ. ಅಮ್ಮ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು, ಏನೋ ಹೇಳಲು ಬಾಯಿ ತೆರೆದಳು. ಒಳಗೆ ಹೋಗು ಎಂದು ಕೈಯಲ್ಲೇ ಸನ್ನೆ ಮಾಡಿ ನಾನು ಗಾಡಿ ಹತ್ತಿದೆ. ಈ ಬೀದಿಯಲ್ಲಿ ಬಾಳುವವಳು ಅವಳು, ಹೋಗುವವಳು ನಾನು.